ಕಿತ್ತು ನೋಡುವ ಕೈ

ಆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಅವನನ್ನು ಸೌಟಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ತೋಳುದ್ದದ ಸೌಟು ಹಿಡಿದು, ಮಗುವನ್ನು ಮಲಗಿಸಬಹುದಾದಷ್ಟು ದೊಡ್ಡ ಪಾತ್ರೆಗಳ ಮುಂದೆ ಹತ್ತಿರ ಹತ್ತಿರ ಮೂವತ್ತು ವರ್ಷ ನಿಂತವನು. ತಟ್ಟೆ ಹಿಡಿದು ಬಂದವನ ಮುಖ ನೋಡಿಯೇ ಅವನ ಹೊಟ್ಟೆಯ ಅಳತೆ ಹೇಳುತ್ತಿದ್ದ. ಬೇಡ ಬೇಡ ಎಂದವನಿಗೂ ಒಂದು ಸೌಟು ಹೆಚ್ಚಿಗೇ ಸುರಿಯುತ್ತಿದ್ದ. ಇನ್ನೊಂದು ಚಾಳಿಯೆಂದರೆ ಮುಚ್ಚಳ ತೆಗೆಯುವುದು. ಪಾತ್ರೆ ಒಲೆಯ ಮೇಲಿದ್ದರೆ ಅವನ ಕೈ ಸುಮ್ಮನಿರದು. ತೆಗೆದು ನೋಡಬೇಕು, ಮೂಸಬೇಕು, ಒಂದು ಕಾಳು ಹಿಸುಕಬೇಕು, ಮತ್ತೆ ಮುಚ್ಚಬೇಕು. ಹಾಗೆ ಬಗ್ಗಿ ಬಗ್ಗಿ ಕುಡಿದ ಹೊಗೆಯೆಲ್ಲ ಕೊನೆಗೆ ಎದೆಯಲ್ಲಿ ಮನೆ ಮಾಡಿಕೊಂಡಿತು. ಐವತ್ತು ಮುಟ್ಟುವ ಮೊದಲೇ ನಾಲ್ಕು ಮೆಟ್ಟಿಲು ಹತ್ತಿದರೆ ಕುಲುಮೆಯ ತಿದಿಯ ಹಾಗೆ ಏದುಸಿರು.

ಡಾಕ್ಟರು ಎದೆಗೆ ಕಿವಿಗೊಟ್ಟು ಕೇಳಿ, "ಒಲೆ ಮುಂದೆ ನಿಲ್ಲೋ ತನಕ ಈ ಗುಳಿಗೆ ನುಂಗಿ ಏನೂ ಪ್ರಯೋಜನ ಇಲ್ಲ. ಬೇರೆ ಕೆಲಸ ನೋಡ್ಕೊಳ್ಳಿ" ಎಂದರು.

ಬೇರೆ ಕೆಲಸ ತಾನಾಗಿಯೇ ಮನೆ ಬಾಗಿಲಿಗೆ ಬಂತು. ಹೆಂಡತಿಯ ತಮ್ಮನಿಗೆ ಒಂದು ಗೋದಾಮಿತ್ತು. "ಭಾವ, ಗೇಟಿನ ಹತ್ರ ಒಂದು ಕುರ್ಚಿ ಹಾಕಿಸ್ತೀನಿ. ಬರೋ ಲಾರಿ, ಹೋಗೋ ಲಾರಿ ನೋಡ್ಕೊಂಡು ಕೂತಿರಿ. ಫ್ಯಾನೂ ಹಾಕಿಸ್ತೀನಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಸೌಟಣ್ಣನಿಗೆ ಆ ಕುರ್ಚಿಯೇ ಬೇಡವಾಗಿತ್ತು. ಜೀವಮಾನವೆಲ್ಲ ನಿಂತು, ನಾಲ್ಕು ಜನಕ್ಕೆ ಬೇಕಾಗುವುದನ್ನು ಕೈಯಾರೆ ಮಾಡಿದವನು ಈಗ ಕೈಕಟ್ಟಿ ಕೂತು ಲಾರಿಯ ಚಕ್ರ ನೋಡಬೇಕೇ?

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ನಾನು ಗಿಡದ ಕೆಲಸ ಕಲೀತೀನಿ ಕಣೇ. ನರ್ಸರಿಗೆ ಸೇರ್ತೀನಿ."

ಅವಳು ಬಟ್ಟೆ ಹೊಲಿದು ಮನೆಗೆ ಆಸರೆಯಾಗಿದ್ದವಳು. ನಾಲಿಗೆಯೂ ಅವಳ ಸೂಜಿಯಷ್ಟೇ ಚೂಪು. "ಇಷ್ಟು ವರ್ಷ ಸೊಪ್ಪನ್ನ ಕಚಕಚ ಅಂತ ಹೆಚ್ಚಿದೋರು ಈಗ ಸಾಕ್ತೀನಿ ಅಂದ್ರೆ, ಅವು ನಿಮ್ಮನ್ನ ನಂಬಬೇಕಲ್ಲ ರೀ?" ಎಂದಳು.

"ನಗಬೇಡ. ಕ್ಯಾಂಟೀನ್ ಹಿಂದುಗಡೆ ಡಬ್ಬಿಗಳನ್ನ ನೀನೇ ನೋಡಿದ್ದೀಯ."

ಅದು ನಿಜವೇ. ಎಲೆ ಬಿಡಿಸಿಕೊಂಡ ಮೇಲೆ ಉಳಿದ ಪುದೀನದ ಕಡ್ಡಿಗಳನ್ನು ಎಸೆಯಲು ಮನಸ್ಸು ಬಾರದೆ, ಖಾಲಿ ಎಣ್ಣೆ ಡಬ್ಬಿಗಳಲ್ಲಿ ಚುಚ್ಚುತ್ತಿದ್ದ. ಒಂದು ವಾರ ಕಳೆಯುವುದರೊಳಗೆ ಪೊಗದಸ್ತಾಗಿ ಚಿಗುರುತ್ತಿದ್ದವು. ಬೇರು ಬಂತೇ ಎಂದು ದಿನಾ ಒಂದನ್ನು ಕಿತ್ತು ನೋಡಿ ಮತ್ತೆ ಚುಚ್ಚಿದರೂ ಪುದೀನ ಮುನಿಸಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನದ ಗದ್ದಲ ಮುಗಿದ ಮೇಲೆ ಆ ಡಬ್ಬಿಗಳ ಪಕ್ಕ ಕೂತು ಚಹಾ ಕುಡಿಯುವ ಹತ್ತು ನಿಮಿಷವೇ ಅವನಿಗೆ ದಿನದ ಸುಖ. ನನ್ನ ಕೈಗುಣ ಚೆನ್ನಾಗಿದೆ ಎಂದು ಅವನು ನಂಬಿದ್ದು ಅಲ್ಲಿಂದಲೇ. ಅದು ಪುದೀನದ ಗುಣ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಊರ ಹೊರಗಿನ ನರ್ಸರಿ ಒಬ್ಬ ವಯಸ್ಸಾದ ಹೆಂಗಸಿನದು. ಗಂಡ ಬಿಟ್ಟುಹೋದ ಬರೀ ಕಲ್ಲಿನ ನೆಲವನ್ನು ಹಸಿರು ಮಾಡಿದವಳು. ಎಲ್ಲರಿಗೂ ಅವಳು ನರ್ಸರಿಯಮ್ಮ. ಸೌಟಣ್ಣ ಹೋದಾಗ ಅವಳು ನೆರಳು ಪರದೆಯ ಕೆಳಗೆ ಮುಕ್ಕಾಲಿಯ ಮೇಲೆ ಕೂತು ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

"ಏನು ಬರುತ್ತೆ ನಿಂಗೆ?"

"ಐನೂರು ಜನರ ಹೊಟ್ಟೆ ತುಂಬಿಸೋದು ಬರುತ್ತೆ ಅಮ್ಮ."

"ನನ್ನ ಮಕ್ಕಳು ಅಷ್ಟು ತಿನ್ನಲ್ಲ. ಜಾಸ್ತಿ ತಿಂದ್ರೆ ಸಾಯ್ತವೆ." ಆಗ ತಲೆ ಎತ್ತಿದಳು. "ಮಳೆಗಾಲ ಹಿಡಿಯೋ ಹೊತ್ತಿಗೆ ನಂಗೆ ಒಬ್ಬ ಬೇಕು. ಒಬ್ಬನೇ. ಅಲ್ಲೀ ತನಕ ಬಂದು ಕಲಿ. ಆಮೇಲೆ ಇಟ್ಕೋಬೇಕೋ ಬೇಡವೋ ನಾನು ಹೇಳ್ತೀನಿ. ಬೇಜಾರು ಮಾಡ್ಕೋಬಾರದು."

ಭಾವಮೈದುನನೂ ಅಷ್ಟೇ ವಾಯಿದೆ ಕೊಟ್ಟ. "ಮಳೆಗಾಲದ ತನಕ ಕುರ್ಚಿ ಖಾಲಿ ಇಟ್ಟಿರ್ತೀನಿ ಭಾವ. ಆಮೇಲೆ ನೆಪ ಹೇಳಬಾರದು." ಹೀಗೆ ಒಂದು ಕಡೆ ಮಣ್ಣು, ಇನ್ನೊಂದು ಕಡೆ ಕುರ್ಚಿ. ಸೌಟಣ್ಣ ಮಣ್ಣಿಗೆ ಇಳಿದ.

ಮಣ್ಣು ಕಲಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೆಂಪು ಮಣ್ಣು, ಮರಳು, ಹಳೆಯ ಗೊಬ್ಬರ ಮೂರನ್ನೂ ಜರಡಿ ಹಿಡಿದು, ಧೂಳು ಏಳದಂತೆ ನೀರು ಚಿಮುಕಿಸಿ, ಒಂದು ಹಿಡಿ ಎತ್ತಿ ಅಮುಕಿ ನೋಡುತ್ತಿದ್ದ. ಉಂಡೆ ಆಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಹಿಟ್ಟು ಕಲಸಿದ ಕೈಗೆ ಅದೇನೂ ಹೊಸದಲ್ಲ. ಕತ್ತರಿ ಹಿಡಿಯುವುದೂ ಬೇಗ ಬಂತು; ಕಡ್ಡಿಯ ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ, ಒಂದೇ ಏಟಿಗೆ, ಸಿಪ್ಪೆ ಜಜ್ಜದಂತೆ. ತೊಂದರೆಯೆಲ್ಲ ನೀರು ಹಾಕುವಲ್ಲಿ. ಬಾಡಿದ ಎಲೆ ಕಂಡರೆ ಸಾಕು, ಹಸಿದವನು ತಟ್ಟೆ ಹಿಡಿದು ನಿಂತಂತೆ ಅವನ ಕರುಳು ಚುರ್ ಎನ್ನುತ್ತಿತ್ತು. ಪೈಪು ಹಿಡಿದು ಸುರಿದದ್ದೇ ಸುರಿದದ್ದು.

"ಮಾರಾಯ, ಇದೇನು ನಿನ್ನ ಪಂಕ್ತಿಯಾ?" ಎಂದು ನರ್ಸರಿಯಮ್ಮ ದೂರದಿಂದಲೇ ಕೂಗುತ್ತಿದ್ದಳು. "ಅದು ಬಿಸಿಲಿಗೆ ತಲೆ ಬಗ್ಗಿಸಿದೆ, ಬಾಯಾರಿಕೆಗಲ್ಲ. ಸಂಜೆ ಎದ್ದು ನಿಲ್ಲುತ್ತೆ ನೋಡು. ಮೊದಲು ಮಣ್ಣು ಮುಟ್ಟು, ಆಮೇಲೆ ಪೈಪು ಮುಟ್ಟು."

ಮನೆಯಲ್ಲೂ ಅಭ್ಯಾಸ ನಿಲ್ಲಲಿಲ್ಲ. ಕಿಟಕಿಯ ಕಟ್ಟೆ ತುಂಬಿ, ಗಿಡದ ಚಟ್ಟಿಗಳು ಹೊಲಿಗೆ ಯಂತ್ರದ ಮೇಜಿಗೂ ಕಾಲಿಟ್ಟವು. "ಇನ್ನೊಂದು ಚಟ್ಟಿ ಬಂದ್ರೆ ಅದಕ್ಕೇ ಒಂದು ಲಂಗ ಹೊಲಿದು ಹಾಕ್ತೀನಿ ನೋಡಿ" ಎಂದು ಹೆಂಡತಿ ಗದರುತ್ತಿದ್ದಳು. ಆದರೂ ಅವನು ಇಲ್ಲದಾಗ ಮಣ್ಣು ಮುಟ್ಟಿ ನೋಡಿ ನೀರು ಹಾಕುತ್ತಿದ್ದವಳು ಅವಳೇ. ಅವನ ಉಸಿರು ಹಗುರವಾಗಿತ್ತು. ರಾತ್ರಿ ಎದ್ದು ಕೂತು ಕೆಮ್ಮುವುದು ನಿಂತಿತ್ತು. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಬೇಸಿಗೆಯ ಬಿಸಿಲು ಏರುವ ಮೊದಲು ನರ್ಸರಿಯಮ್ಮ ಅವನಿಗೆಂದೇ ಒಂದು ಮಡಿ ಬಿಟ್ಟುಕೊಟ್ಟಳು. ಉದ್ದಕ್ಕೆ ಗುಲಾಬಿ ಕಡ್ಡಿಗಳು, ಮೇಲೆ ಬಿದಿರಿನ ಕಮಾನು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. "ಇದು ನಿಂದು. ಇದರಲ್ಲಿ ಬೇರು ಬಂದ್ರೆ ನಿನ್ನ ಬಗ್ಗೆ ಯೋಚನೆ ಮಾಡ್ತೀನಿ" ಎಂದಳು.

ಸೌಟಣ್ಣನ ಮಡಿಯಲ್ಲಿ ಕೆಲವೇ ದಿನಕ್ಕೆ ಚಿಗುರು ಕಾಣಿಸಿತು. ಕೆಂಪು ಮಿಶ್ರಿತ ಪುಟ್ಟ ಎಲೆಗಳು. ಅವನು ಹಿಗ್ಗಿ ಹೀರೇಕಾಯಿ ಆದ. ಮನೆಗೆ ಹೋಗಿ ಹೇಳಿದ, ಭಾವಮೈದುನನಿಗೆ ಫೋನು ಮಾಡಿ ಹೇಳಿದ, ಹಳೆಯ ಕ್ಯಾಂಟೀನಿಗೂ ಹೋಗಿ ಹೇಳಿ ಬಂದ. ಆದರೆ ಒಳಗೇನಾಗಿದೆ? ಬೇರು ಬಂದಿದೆಯೇ? ದಿನಾ ಬೆಳಿಗ್ಗೆ ಹೊದಿಕೆ ಎತ್ತುತ್ತಿದ್ದ. ಬರೀ ಎತ್ತಿ ನೋಡಿದರೆ ಸಮಾಧಾನವಿಲ್ಲ. ಒಂದು ಕಡ್ಡಿಯನ್ನು ಮೆಲ್ಲಗೆ ಕಿತ್ತು, ಬುಡ ನೋಡಿ, ಇನ್ನೂ ಇಲ್ಲ ಎಂದು ಮತ್ತೆ ಚುಚ್ಚುತ್ತಿದ್ದ. ಮಾರನೆಯ ದಿನ ಅದರ ಪಕ್ಕದ್ದು. ಒಂದೊಂದೇ ತಾನೇ, ಯಾರಿಗೆ ಗೊತ್ತಾಗುತ್ತದೆ? ಹೀಗೆ ಮಡಿಯ ಈ ತುದಿಯಿಂದ ಆ ತುದಿಗೆ ಹೋಗಿ, ಮತ್ತೆ ಈ ತುದಿಗೆ ಬಂದ.

ಒಂದು ದಿನ ನೋಡಿದರೆ ಚಿಗುರೆಲ್ಲ ಜೋತುಬಿದ್ದಿದೆ. ಮರುದಿನ ಕಪ್ಪಾಯಿತು. ನೀರಿನ ಪೈಪಿಗೆ ಕೈ ಹಾಕಿದವನು ಮಣ್ಣು ಮುಟ್ಟಿದ. ಮಣ್ಣು ಹದವಾಗಿಯೇ ಇತ್ತು.

ನರ್ಸರಿಯಮ್ಮ ಬಂದು ಮಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಕಡ್ಡಿಗಳ ಸುತ್ತ ಮಣ್ಣು ಸಡಿಲವಾಗಿ ಪುಟ್ಟ ಪುಟ್ಟ ಗುಂಡಿಗಳಾಗಿದ್ದುದನ್ನು ಬೆರಳಿನಿಂದ ಮುಟ್ಟಿದಳು.

"ಕಿತ್ತು ನೋಡಿದ್ಯಾ?"

"ಹ್ಞೂಂ ಅಮ್ಮ. ಒಂದೊಂದೇ."

"ಬಾ ಇಲ್ಲಿ." ಒಂದು ಕಡ್ಡಿ ಎಳೆದು ಅವನ ಅಂಗೈ ಮೇಲೆ ಇಟ್ಟಳು. ಕೊಯ್ದ ತುದಿಯಲ್ಲಿ ಗಾಯ ಮಾದ ಹಾಗೆ ಬಿಳಿಯ ಗಂಟು ಕಟ್ಟಿತ್ತು. ಗಂಟಿನ ಪಕ್ಕದಲ್ಲಿ, ಅವನ ಹೆಂಡತಿ ಹಲ್ಲಿನಿಂದ ಕಡಿದು ಬಿಸಾಡುವ ನೂಲಿನ ತುಣುಕಿನಂಥದ್ದೊಂದು, ತುದಿ ಮುರಿದು, ಕಂದಾಗಿ ಅಂಟಿಕೊಂಡಿತ್ತು.

"ಇದು ಬೇರು. ಬಂದಿತ್ತು. ಮುರಿದಿದ್ದೀಯ. ಎಲೆ ಬಂತು ಅಂತ ಕುಣಿದಾಡ್ದೆ. ಅದು ಕಡ್ಡಿ ಒಳಗೆ ಮೊದಲೇ ಇದ್ದ ಕಸುವು ಅಷ್ಟೇ, ಕೂಡಿಟ್ಟಿದ್ದನ್ನ ಖರ್ಚು ಮಾಡ್ತಿತ್ತು. ಬೇರು ಬಲಿಯೋಕೆ ಇನ್ನೂ ದಿನ ಬೇಕಿತ್ತು."

ಸೌಟಣ್ಣ ಬೇರೆ ಕಡ್ಡಿಗಳನ್ನೂ ಎತ್ತಿದ. ಅನೇಕದರಲ್ಲಿ ಅದೇ ಬಿಳಿ ಗಂಟು, ಅದೇ ತುಂಡಾದ ನೂಲು. ಯಾವುದನ್ನು ಹುಡುಕುತ್ತಿದ್ದನೋ ಅದನ್ನೇ ತನ್ನ ಕೈ ದಿನಾ ಮುರಿಯುತ್ತಿತ್ತು.

"ಪುದೀನ ಹಾಗಲ್ಲ ಅಮ್ಮ..." ಎಂದು ಕೊನೆಗೆ ತೊದಲಿದ.

"ಪುದೀನ ಬೀದೀಲಿ ಬೆಳೆದ ಮಗು. ಎಲ್ಲೆಸೆದ್ರೂ ಏಳುತ್ತೆ. ಎಲ್ಲಾ ಮಕ್ಕಳೂ ಹಾಗಿರ್ತವಾ?" ಅವಳು ಸೊಂಟ ಹಿಡಿದುಕೊಂಡು ಎದ್ದಳು. ಬೈಯಲಿಲ್ಲ, ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಮಳೆಗೆ ಇನ್ನೂ ದಿನ ಇದೆ. ಇನ್ನೊಂದು ಮಡಿ ಹಾಕು. ಮಾತು ಮಾತ್ರ ಕೊಡಲ್ಲ ನಾನು."

ಮನೆಯಲ್ಲಿ ಅವತ್ತು ತಟ್ಟೆ ಪಕ್ಕಕ್ಕೆ ಸರಿಸಿದ. ನಡೆದದ್ದನ್ನು ಹೇಳಿ, "ನಿನ್ನ ತಮ್ಮನಿಗೆ ಬರ್ತೀನಿ ಅಂತ ಹೇಳಿಬಿಡು" ಎಂದ.

ಹೆಂಡತಿ ನಗುತ್ತಾಳೆಂದುಕೊಂಡಿದ್ದ. ಅವಳು ನಗಲಿಲ್ಲ. "ನಾನು ಮೊದಮೊದಲು ಕತ್ತರಿ ಹಿಡಿದಾಗ ಎಷ್ಟು ಜನರ ಬಟ್ಟೆ ಹಾಳು ಮಾಡಿದ್ದೆ, ಮರೆತ್ರಾ? ನಮ್ಮ ಹಾಸಿಗೆ ಹೊದಿಕೆ ಪೂರ್ತಿ ಆ ತುಂಡುಗಳೇ ಅಲ್ವಾ? ನನ್ನ ತಮ್ಮ ಎಲ್ಲೂ ಓಡಿ ಹೋಗಲ್ಲ. ನಾಳೆ ಕೆಲಸಕ್ಕೆ ಹೋಗಿ."

ಎರಡನೆಯ ಮಡಿ ಹಾಕಿದ. ಕಡ್ಡಿ ಆರಿಸುವುದು, ಕೊಯ್ಯುವುದು, ಚುಚ್ಚುವುದು, ಯಾವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೈಯನ್ನು ಹಿಡಿದು ನಿಲ್ಲಿಸುವುದು. ಮಡಿಯ ಹತ್ತಿರ ಹೋಗುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಪಾಸಣೆಗೆ ಬಂದ ಸಾಹೇಬನ ಹಾಗೆ ಸುತ್ತು ಹಾಕುತ್ತಿದ್ದ. ಬೆರಳು ತುರಿಸತೊಡಗಿದರೆ ಜರಡಿಯ ಕಡೆಗೆ ಓಡುತ್ತಿದ್ದ. ಆ ತಿಂಗಳು ನರ್ಸರಿಯಲ್ಲಿ ಜರಡಿ ಹಿಡಿದ ಮಣ್ಣಿನ ಗುಡ್ಡವೇ ಎದ್ದಿತು. ಚಿಗುರು ಬಂದಾಗ ಯಾರಿಗೂ ಹೇಳಲಿಲ್ಲ. ಮೋಡ ಕಟ್ಟತೊಡಗಿತು. ಭಾವಮೈದುನ ಎರಡು ಸಲ ಫೋನು ಮಾಡಿದ. ಮಡಿಯೊಳಗೆ ಏನಾಗುತ್ತಿದೆಯೋ ತಿಳಿಯದೆ, ತಿಳಿಯಲು ಹೋಗದೆ, ಸೌಟಣ್ಣ ದಿನ ಕಳೆದ.

ಹೊಸ ನೆರಳು ಪರದೆ ತರಲು ನರ್ಸರಿಯಮ್ಮ ಪೇಟೆಗೆ ಹೋದ ದಿನ ಗೇಟಿನ ಮುಂದೆ ಒಂದು ಕಾರು ನಿಂತಿತು. ಇಳಿದವನು ಹೊಸದಾಗಿ ವಸತಿಗೃಹ ಕಟ್ಟಿಸಿದ್ದವನು. ನಾಡಿದ್ದು ಬಾಗಿಲು ತೆಗೆಯುತ್ತಾನಂತೆ, ಮುಂದಿನ ದಾರಿಯ ಎರಡೂ ಪಕ್ಕ ಗುಲಾಬಿ ಬೇಕಂತೆ. ಚೀಲದಲ್ಲಿದ್ದ ದೊಡ್ಡ ಗಿಡಗಳೆಲ್ಲ ಹಿಂದಿನ ವಾರವೇ ಖರ್ಚಾಗಿದ್ದವು. ಅವನ ಕಣ್ಣು ನೇರ ಸೌಟಣ್ಣನ ಮಡಿಯ ಮೇಲೆ ಬಿತ್ತು.

"ಇವು ಚೆನ್ನಾಗಿವೆಯಲ್ರೀ! ಎಲ್ಲಾ ಕೊಡಿ. ಕೇಳಿದಷ್ಟು ಕೊಡ್ತೀನಿ."

"ಇವಿನ್ನೂ ಆಗಿಲ್ಲ ಸಾರ್."

"ಎಲೆ ಬಂದಿದೆ, ಇನ್ನೇನಾಗಬೇಕು? ಒಂದು ಕಿತ್ತು ತೋರಿಸಿ. ಬೇರಿದ್ರೆ ತಗೊಂಡು ಹೋಗ್ತೀನಿ, ಇಲ್ದಿದ್ರೆ ಬೇಡ. ನ್ಯಾಯ ತಾನೇ?"

ನ್ಯಾಯವೇ. ಇಷ್ಟು ದಿನ ಬೆನ್ನ ಹಿಂದೆ ಕಟ್ಟಿಟ್ಟಿದ್ದ ಕೈಗೆ ಈಗ ತಾನಾಗಿಯೇ ಒದಗಿಬಂದ ನೆಪ. ಗಿರಾಕಿಯೇ ಕೇಳುತ್ತಿದ್ದಾನೆ, ಒಂದೇ ಒಂದು ಕಡ್ಡಿ. ಬೇರಿದ್ದರೆ ಇಡೀ ಮಡಿ ಒಂದೇ ಏಟಿಗೆ ಮಾರಿಹೋಗುತ್ತದೆ, ಅಮ್ಮ ಬಂದಾಗ ಎದೆ ಸೆಟೆಸಿ ಹೇಳಬಹುದು. ಬಗ್ಗಿದ. ಹೊದಿಕೆ ಎತ್ತಿದ. ಬೆರಳು ಕಡ್ಡಿಯ ತನಕ ಹೋಯಿತು. ಅಂಗೈ ಮೇಲಿದ್ದ ಆ ಮುರಿದ ನೂಲು ಕಣ್ಣಿಗೆ ಕಟ್ಟಿತು. ಹೊದಿಕೆಯನ್ನು ಮತ್ತೆ ಇಳಿಸಿ, ಅಂಚಿಗೆ ಕಲ್ಲಿಟ್ಟು ಎದ್ದು ನಿಂತ.

"ಆಗಲ್ಲ ಸಾರ್. ಹದಿನೈದು ದಿನ ಬಿಟ್ಟು ಬನ್ನಿ."

"ಹದಿನೈದು ದಿನ ಬಿಟ್ಟು ಬಂದು ಏನು ಮಾಡ್ಲಿ? ನೀವೇನು ಗಿಡ ಮಾರೋರೋ, ಕಾಯೋರೋ?"

"ಸದ್ಯಕ್ಕೆ ಕಾಯೋನು ಸಾರ್."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಸಂಜೆ ನರ್ಸರಿಯಮ್ಮ ಪರದೆಯ ಸುರುಳಿಯೊಂದಿಗೆ ಆಟೋ ಇಳಿಯುವ ಹೊತ್ತಿಗೆ ಸುದ್ದಿ ಅವಳಿಗೆ ಮುಟ್ಟಿತ್ತು. ಪೇಟೆಯ ಬೀಜದಂಗಡಿಯಲ್ಲಿ ಆ ಮನುಷ್ಯ ಎಲ್ಲರ ಮುಂದೆ ದೂರಿದ್ದನಂತೆ.

"ಕೈಗೆ ಬಂದ ಗಿರಾಕೀನ ಓಡಿಸಿದ್ಯಂತೆ?"

"ಹೌದಮ್ಮ."

"ಬೇರು ಬಂದಿಲ್ವಾ?"

"ಗೊತ್ತಿಲ್ಲ."

"ಕಿತ್ತು ನೋಡಲಿಲ್ವಾ?"

"ಇಲ್ಲ."

"ನೋಡದೇ ಇದ್ಮೇಲೆ, ಆಗಿಲ್ಲ ಅಂತ ಅವನಿಗೆ ಹೇಗೆ ಹೇಳ್ದೆ?"

"ನಂಗೆ ಗೊತ್ತಿಲ್ಲ, ಅದಕ್ಕೇ ಹಾಗಂದೆ" ಎಂದ ಸೌಟಣ್ಣ. ತಲೆ ತಗ್ಗಿಸಿ ನಿಂತಿದ್ದ. ಇವತ್ತಿಗೆ ಇಲ್ಲಿಯ ಋಣ ಮುಗಿಯಿತು ಎಂದೇ ಅವನ ಲೆಕ್ಕ.

ನರ್ಸರಿಯಮ್ಮ ಮಡಿಯ ಕಡೆ ಒಮ್ಮೆ ನೋಡಿದಳು. ಹತ್ತಿರ ಹೋಗಲಿಲ್ಲ. ಪರದೆಯ ಸುರುಳಿಯ ಒಂದು ತುದಿ ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದಳು. ಇಬ್ಬರೂ ಅದನ್ನು ಸಾಮಾನಿನ ಕೊಟ್ಟಿಗೆಯೊಳಗೆ ಸಾಗಿಸಿದರು. ಬಾಗಿಲ ಚಿಲಕ ಹಾಕುತ್ತ ಅವಳು ಕೇಳಿದಳು, "ನಿನ್ನ ಕಾಲಿನ ಅಳತೆ ಎಷ್ಟು?"

"ಎಂಟು ಅಮ್ಮ. ಯಾಕೆ?"

"ಮಳೇಲಿ ಈ ಚಪ್ಪಲಿ ಹಾಕ್ಕೊಂಡು ಕೆಸರಲ್ಲಿ ಜಾರಿ ಬಿದ್ರೆ ನಿನ್ನನ್ನ ಎತ್ತೋರ್ಯಾರು? ರಬ್ಬರ್ ಬೂಟು ತರಿಸ್ತೀನಿ."

ಮನೆಗೆ ಬಂದವನೇ, ಕೈಕಾಲು ಕೂಡ ತೊಳೆಯದೆ, ನಡೆದದ್ದನ್ನೆಲ್ಲ ಹೆಂಡತಿಗೆ ಒಪ್ಪಿಸಿದ. "ಇಟ್ಕೋತೀನಿ ಅಂತ ಹೇಳಲಿಲ್ಲ ಕಣೇ. ಬೂಟು ಅಂದ್ರು, ಅಷ್ಟೇ. ಅದರ ಅರ್ಥ ಏನಿರಬಹುದು?"

ಹೆಂಡತಿ ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟು ಅವನ ಮಣ್ಣು ಮೆತ್ತಿದ ಪಾದಗಳನ್ನು ನೋಡಿದಳು. ಮುಖದ ತುಂಬ ನಗು. "ಯಾವ ನಂಬರ್ ಹೇಳಿದ್ರಿ?"

"ಎಂಟು."

"ಎಂಟು ನಿಮ್ಮ ಮದುವೆ ಕಾಲದ್ದು. ನಿಂತೂ ನಿಂತೂ ಪಾದ ಹರಡಿಕೊಂಡು ಒಂಬತ್ತಾಗಿದೆ. ಬೆಳಿಗ್ಗೆ ಬೇಗ ಹೋಗಿ, ತರಿಸೋ ಮುಂಚೆ ಸರಿಯಾಗಿ ಹೇಳಿ. ಇನ್ನು ಎಷ್ಟು ವರ್ಷ ಅದರಲ್ಲೇ ಓಡಾಡಬೇಕೋ ಏನೋ."