ಗೌರಕ್ಕನ ಮನೆಯ ಸಂಜೆ ಹಾಜರಿ

ಮಾಳಮಡ್ಡಿಯ ಹಿಂದಿನ ಓಣಿಯ ಕೊನೆಮನೆಯಲ್ಲಿ ದೆವ್ವವಿದೆ ಎಂಬುದು ಆಗ, ಅರವತ್ತರ ಸುಮಾರಿಗೆ, ಧಾರವಾಡಕ್ಕೆಲ್ಲ ಗೊತ್ತಿತ್ತು. ನಮ್ಮಂಥ ವಿಚಾರವಂತರು ಅದನ್ನು ನಂಬುತ್ತಿರಲಿಲ್ಲ. ಸುಮ್ಮನೆ ಆ ಓಣಿಗೆ ಹೋಗುತ್ತಿರಲಿಲ್ಲ, ಅಷ್ಟೇ.

ಜೇಲಿನಲ್ಲಿ ಹೆಂಗಸರ ಕಾವಲಿಗಿದ್ದು ನಿವೃತ್ತಳಾದ ಗೌರಕ್ಕನಿಗೆ ಆ ಮನೆ ಅಗ್ಗದ ಬಾಡಿಗೆಗೆ ಸಿಕ್ಕಿದ್ದು ದೆವ್ವದ ದಯೆಯಿಂದ. ಬಿಡುಗಡೆಯಾಗಿ ಬಂದರೂ ತವರು, ಗಂಡನ ಮನೆ ಎರಡೂ ಬಾಗಿಲು ಹಾಕಿಕೊಂಡ ಹೆಂಗಸರನ್ನು ಆಕೆ ಅಲ್ಲಿಟ್ಟುಕೊಂಡಳು. "ದೆವ್ವ ಐತಂತಲ್ಲ ಅಕ್ಕಾ?" ಎಂದರೆ, "ನಿಮ್ಮ ಕೂಡ ಜಲಮ ಕಳದೇನಿ, ಅದೇನ ಮಾಡತೈತಿ?" ಎನ್ನುವಳು.

ಹಗಲೆಲ್ಲ ಹಪ್ಪಳ, ಶ್ಯಾವಿಗೆ ಮಾಡಿ ಮಾರುವುದು. ಕತ್ತಲಾಗುತ್ತಲೇ ಹೆಂಗಸರು ಯಾರೂ ಹೇಳದೆ ಪಡಸಾಲೆಯಲ್ಲಿ ಸಾಲಾಗಿ ಕೂಡುವರು. ಗೌರಕ್ಕ ಹೆಸರು ಕೂಗಿ ಹಾಜರಿ ತೆಗೆದುಕೊಳ್ಳುವಳು. ಅವರು "ಇದ್ದೇನ್ರಿ" ಎನ್ನುವರು. ಜೇಲಿನ ಈ ರೂಢಿ ತಪ್ಪಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಗೌರಕ್ಕನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಹೊಸದಾಗಿ ಬಂದವಳು ಶೇವಂತೆವ್ವ. ಮಗಳ ಮೇಲೆ ಕೈಮಾಡಿದ ಗಂಡನನ್ನು ಒನಕೆಯಿಂದ ಹೊಡೆದು ಜೇಲು ಕಂಡವಳು. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಬೆಂಚಿನ ಕೆಳಗೆ ಮಲಗುತ್ತಿದ್ದವಳನ್ನು ಗೌರಕ್ಕ ಕರೆತಂದಿದ್ದಳು. ಜೇಲಿನ ವರ್ಷಗಳಲ್ಲಿ ಬಾಗಿಲು ತೆರೆಯುವುದೇ ಆಕೆಗೆ ಮರೆತುಹೋಗಿತ್ತು. ಅಗಳಿ ಹಾಕದ ಬಾಗಿಲಿನೆದುರೂ, ಯಾರಾದರೂ ತೆಗೆದಾರೆಂದು ನಿಂತೇ ಇರುವಳು.

ಒಂದು ಮುಸ್ಸಂಜೆ ಮನೆಯ ಮಾಲೀಕ ಏಕನಾಥರಾಯರು ಬಂದರು.

"ಗೌರಕ್ಕಾ, ಅಮಾಸಿಗೆ ಮನಿ ಖಾಲಿ ಮಾಡ್ರಿ. ದೆವ್ವ ಹೋತಂತ ಊರಾಗ ಸುದ್ದಿ ಆಗೇದ. ಕಚೇರಿ ಮಂದಿ ಬಾಡಿಗಿಗೆ ಕೇಳಲಿಕ್ಕತ್ತಾರ."

"ದೆವ್ವ ಓಡಿಸಿದವರು ನಾವಲ್ಲೇನ್ರಿ ರಾಯರ?"

"ಆ ಉಪಕಾರ ಮರಿಯೂದಿಲ್ರೀ ನಾ."

"ಇವರೆಲ್ಲಾ ಎಲ್ಲಿ ಹೋಗಬೇಕ್ರಿ?"

"ಅದನ್ನ ಸರಕಾರಕ್ಕ ಕೇಳ್ರಿ."

ಒಳಗಿನಿಂದ ಶೇವಂತೆವ್ವನ ದನಿ ಬಂತು: "ಅಕ್ಕಾ, ನಾ ಮತ್ತ ಸ್ಟೇಶನ್ನಿಗೆ ಹೋಗಬೇಕೇನ್ರಿ?"

ಗೌರಕ್ಕ ದೀಪ ಹಚ್ಚುವುದನ್ನೂ ಮರೆತು, ರಾಯರನ್ನು ಹೊಸ್ತಿಲಲ್ಲೇ ಬಿಟ್ಟು, ಹಾಜರಿ ಕೂಗತೊಡಗಿದಳು. ಉಳಿದವರ ಹೆಸರು ಮುಗಿದವು.

"ಶೇವಂತೆವ್ವ."

"ಇದ್ದೇನ್ರಿ."

"ಉಡಚವ್ವ."

ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಳ್ಳಭಟ್ಟಿ ಕಾಸಿ ಜೇಲಿಗೆ ಹೋಗಿದ್ದ ಮುದುಕಿ ಉಡಚವ್ವ ಶ್ರಾವಣದಲ್ಲಿ ಇದೇ ಮನೆಯಲ್ಲಿ ತೀರಿಕೊಂಡಿದ್ದಳು. ಆಕೆಯ ಮಣ್ಣಿಗೆ ರಾಯರೂ ಹೋಗಿದ್ದರು. ಹಳೆಯ ರೂಢಿ, ಬಾಯಿ ತಪ್ಪಿತ್ತು.

ಸಾಲಿನ ಕೊನೆಯಿಂದ ಮೊದಲು ಕೆಮ್ಮು ಬಂತು. ಆಮೇಲೆ, ಮೆಲ್ಲಗೆ, "ಇದ್ದೇನ್ರಿ ಅಕ್ಕಾ."

ರಾಯರ ಒಂದು ಚಪ್ಪಲಿ ಅಂಗಳದಲ್ಲಿ ಸಿಕ್ಕಿತು. ಇನ್ನೊಂದು ಓಣಿಯ ತಿರುವಿನಲ್ಲಿ.

ಗೌರಕ್ಕ ಕಂದೀಲು ಹಚ್ಚಿದಳು. "ಯಾರವ್ವಾ ಈ ಹುಡುಗಾಟಿಕಿ ಮಾಡಿದವರು?"

"ನೀವ ಅಂದ್ರಿ ಅಂತ ತಿಳದಿದ್ವಿ ನಾವು," ಎಂದಳು ಶೇವಂತೆವ್ವ.

ಸಾಲಿನ ಕೊನೆಗೆ ಉಡಚವ್ವನ ಚಾಪೆ ಹಾಸಿತ್ತು. ಆಕೆ ತೀರಿದ ದಿನವೇ ಅದನ್ನು ಸುತ್ತಿ ಅಟ್ಟಕ್ಕೆ ಹಾಕಿದವಳು ಗೌರಕ್ಕನೇ.

ಬೆಳಗಾಗುವುದರೊಳಗೆ ಕಚೇರಿಯ ಮಂದಿಗೆ ಬೇರೆ ಓಣಿಗಳು ಇಷ್ಟವಾಗಿದ್ದವು. ಬೇಕಾದಷ್ಟು ದಿನ ಇರ್ರೆಂದು ರಾಯರು ದೂರದಿಂದಲೇ ಹೇಳಿಕಳಿಸಿದರು.

ಆ ಸಂಜೆ ಹಾಜರಿ ಕೂಗುತ್ತ ಬಂದ ಗೌರಕ್ಕ, ಶೇವಂತೆವ್ವನ ಹೆಸರಿನ ನಂತರ ತಡೆದಳು.

"ಕೂಗ್ರಿ ಅಕ್ಕಾ," ಎಂದಳು ಶೇವಂತೆವ್ವ. "ಆಕಿಗರೆ ಬ್ಯಾರೆ ಮನಿ ಎಲ್ಲೈತ್ರಿ?"

ಅಷ್ಟಂದು ಎದ್ದು, ಯಾರ ದಾರಿಯನ್ನೂ ನೋಡದೆ, ಬರುವವಳಿಗೆಂದು ಹಿತ್ತಲ ಬಾಗಿಲನ್ನು ತಾನೇ ತೆರೆದು ಬಂದು ಕೂತಳು.

ಗೌರಕ್ಕ ಕೂಗಿದಳು.