ರಂಗೋಲಿಯ ಕೆಳಗಿನ ಮೋರಿ

ನಮ್ಮ ಕಡೆ ಹಳೆ ಓಣಿಗಳ ಫೋಟೋ ಹೊಡೆಯಬೇಕೆಂದರೆ ಮೊದಲು ಕತ್ತೆತ್ತಿ ನಡೆಯುವುದನ್ನು ಕಲಿಯಬೇಕು. ಮೇಲೆ ನೋಡಿದರೆ ತೊಲೆಯ ತುದಿಯಲ್ಲಿ ಕೆತ್ತಿದ ಗಿಳಿ, ಗಚ್ಚಿನ ಕಮಾನು. ಕೆಳಗೆ ನೋಡಿದರೆ ಮೋರಿ, ಗುಟ್ಕಾದ ಉಗುಳು, ಹಂದಿ. ನಾನು ಎರಡು ವರ್ಷ ಮೇಲೆಯೇ ನೋಡಿದೆ.

ಭಾನುವಾರ ಬೆಳಿಗ್ಗೆ ತೆಲಂಗಾಣದ ಗಡಿಯ ನಮ್ಮ ಮಕ್ತಲದಿಂದ ಬಸ್ ಹತ್ತಿ ಕಿಲ್ಲೆಯ ಹಿಂದಿನ ಓಣಿಗೆ ಹೋಗುತ್ತಿದ್ದೆ. ಯಾವ ಊರಿನ ಕಿಲ್ಲೆ ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಊರಿನವರು ತಮ್ಮಲ್ಲಿ ಹಾಗಿಲ್ಲ ಎಂದು ಬೀಗುತ್ತಾರೆ, ಅದು ಸುಳ್ಳು. ಕಿಲ್ಲೆಯ ಗೋಡೆ ಉದ್ದಕ್ಕೂ ಉಚ್ಚೆಯ ನಾತ. ಮೂಗಿಗೆ ದುಪಟ್ಟಾ ಒತ್ತಿ ಹಿಡಿದು, ಅದೇ ಗೋಡೆಯ ಮೇಲಿನ ಬೆಳಕಿನ ಫೋಟೋ ಹೊಡೆದು ಫೇಸ್‌ಬುಕ್ಕಿಗೆ ಹಾಕುತ್ತಿದ್ದೆ. 'ಎಂಥಾ ವೈಭವ!' ಎನ್ನುತ್ತಿದ್ದರು ಮಂದಿ. ವೈಭವಕ್ಕೆ ನಾತ ಇರುವುದಿಲ್ಲವಲ್ಲ.

ಆ ಓಣಿಯಲ್ಲಿ ಒಬ್ಬ ಅಕ್ಕ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಅವಳ ಅಡುಗೆಮನೆಯೇ ಅವಳ ಕಾರ್ಖಾನೆ. ನನ್ನ ಎರಡು ವರ್ಷದ ಓಡಾಟ ಮುಗಿದ ಮೇಲೆ, ಕಳೆದ ವರ್ಷ, ಓಣಿಗೆ ಸಿಮೆಂಟಿನ ರಸ್ತೆ ಬಂತು. ಬಂದದ್ದು ಅವಳ ಹೊಸ್ತಿಲಿಗಿಂತ ಒಂದು ಗೇಣು ಎತ್ತರಕ್ಕೆ, ಮನೆ ಮುಂದಿನ ತೆರೆದ ಮೋರಿಯನ್ನು ನುಂಗಿಕೊಂಡು. ಅಂದಿನಿಂದ ಓಣಿಯ ಹೊಲಸು ನೀರೆಲ್ಲ ಅವಳ ಒಲೆಯ ಬುಡಕ್ಕೆ. ಖಾನಾವಳಿಯವರು ಒಬ್ಬೊಬ್ಬರೇ ರೊಟ್ಟಿ ಬಿಟ್ಟರು. ನಾನಾದರೂ ತಿನ್ನುತ್ತಿರಲಿಲ್ಲ.

ಮೋರಿ ಬಿಡಿಸಿಕೊಡಿ ಎಂದು ಪುರಸಭೆಗೆ ದರಖಾಸ್ತು ಕೊಟ್ಟಳು. ಕಚೇರಿಯವರು, 'ನಿಮ್ಮನಿ ಮುಂದ ಮೋರಿನೇ ಇರಲಿಲ್ಲ, ಇತ್ತಂದ್ರ ಸಬೂತು ತರ್ರಿ' ಅಂದರಂತೆ. ಅವಳು ನನಗೆ ಫೋನು ಹಚ್ಚಿದಳು.

"ತಂಗಿ, ಎರಡು ವರ್ಷ ನಮ್ಮ ಬಾಗಲದ ಫೋಟೋ ಹೊಡಕೊಂಡು ಹೋಗೀದಿ. ಮೋರಿದೊಂದು ಫೋಟೋ ಕೊಡು."

"ಒಂದ್ಯಾಕಕ್ಕಾ, ರಾಶಿ ಅದಾವ," ಅಂದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಕಪ್ಪು ಗೆದ್ದವಳು ನಾನು. ಸಾಕ್ಷಿಯೇ ಕೈಯಲ್ಲಿದ್ದರೆ ಎದುರಾಳಿಯ ಬಾಯಿ ಮುಚ್ಚಿಸುವುದೆಷ್ಟರ ಕೆಲಸ?

ಮಧ್ಯಾಹ್ನ ಕೂತು ಹುಡುಕಿದೆ. ಬಾಗಿಲಿತ್ತು, ಚಿಲಕವಿತ್ತು, ಗಿಳಿಯಿತ್ತು. ಮೋರಿ ಎಲ್ಲಿ ಶುರುವಾಗುತ್ತದೋ ಅಲ್ಲಿಗೆ ಸರಿಯಾಗಿ ಪ್ರತಿಯೊಂದು ಫೋಟೋವನ್ನೂ ನಾನೇ ಕತ್ತರಿಸಿದ್ದೆ. ನೆಲದವರೆಗೂ ಕಾಣುವಂಥದ್ದು ಕಡೆಗೆ ಒಂದೇ ಸಿಕ್ಕಿತು. ಅದರಲ್ಲಿ ಹೊಸ್ತಿಲ ಮುಂದೆ ಅಗಲವಾದ ಬಂಡೆ, ಬಂಡೆಯ ಮೇಲೆ ರಂಗೋಲಿ. 'ನಿತ್ಯದ ಸೊಬಗು' ಎಂದು ಬೇರೆ ಬರೆದಿದ್ದೆ.

ಮರುದಿನವೇ ಅವಳ ಮನೆಗೆ ಹೋಗಿ ಕೇಳಿದೆ, "ಅಕ್ಕಾ, ಈ ಬಂಡಿ ದಿನಾ ಇರ್ತಿತ್ತೇನು?"

"ಎಲ್ಲೀ ದಿನಾ? ನೀ ಬರೋ ದಿನ ಅಷ್ಟ. ಬಸ್‌ಸ್ಟ್ಯಾಂಡ್ ಕಡಿ ಮನಿಯಾಕಿ 'ಫೋಟೋದಾಕಿ ಬಂದ್ಲು' ಅಂತ ಕೂಗ್ತಿದ್ಲು. ಗಡಬಡಿಸಿ ಬಾಗಲ ಮುಂದಷ್ಟ ಮೋರಿ ಮ್ಯಾಲ ಬಂಡಿ ಹೊಚ್ಚಿ, ರಂಗೋಲಿ ಹಾಕ್ತಿದ್ವಿ. ಮಂದಿ ಬಂದಾಗ ಹೊಲಸು ತೋರಸ್ತಾರೇನ?"

ಇಡೀ ಓಣಿ ಎರಡು ವರ್ಷ ನನಗಾಗಿ ಬಂಡೆ ಹೊತ್ತಿತ್ತು. ನಾನು ಅದನ್ನು ಸಂಪ್ರದಾಯ ಅಂದುಕೊಂಡಿದ್ದೆ.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ಅಷ್ಟರಲ್ಲೇ ಸ್ಥಳ ನೋಡಲು ಕಚೇರಿಯಿಂದ ಒಬ್ಬ ಬಂದ, ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡು. ನಾನು ಫೋಟೋ ತೋರಿಸಿ ವಾದ ಹೂಡಿದೆ: "ಬರೇ ನೆಲದ ಮ್ಯಾಲ ಯಾರಾದ್ರೂ ಬಂಡಿ ಹೊಚ್ತಾರೇನ್ರೀ? ಬಂಡಿ ಐತಿ ಅಂದ್ರ ಕೆಳಗ ಮೋರಿ ಐತಿ." ಕಾಲೇಜಿನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಆತ ಫೋಟೋ ದೊಡ್ಡದು ಮಾಡಿ ನೋಡಿದ. "ಇದು ಮೆಟ್ಟಲ ಬಂಡಿ. ಮೋರಿ ಮ್ಯಾಲ ಯಾರರ ರಂಗೋಲಿ ಹಾಕ್ತಾರೇನ್ರೀ ಮೇಡಂ?"

"ಇವರು ಹಾಕ್ಯಾರ!"

"ಯಾಕ?"

ಅಕ್ಕನ ಕಡೆ ನೋಡಿದೆ. ಅವಳು ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ನಾಚಿಕೆಗೆ ಅಂತ ಹೇಳಬೇಕಿತ್ತು. ಆತ ತನ್ನ ಮೊಬೈಲಿನಲ್ಲಿ ನನ್ನ ಫೋಟೋದ ಫೋಟೋ ಹೊಡೆದುಕೊಂಡ. 'ಮೊದಲು ಮೋರಿ ಇರಲಿಲ್ಲ' ಎನ್ನುವುದಕ್ಕೆ ಅವನಿಗೂ ಒಂದು ಸಬೂತು ಬೇಕಾಗಿತ್ತಂತೆ. "ಫೋಟೋ ಮೀದೇ ಕದಾ, ಮೇಡಂ," ಎಂದು ತೆಲುಗಿನಲ್ಲಿ ನಗುತ್ತ ಹೇಳಿದ. ಫೋಟೋ ನನ್ನದೇ, ಹೌದು. ಕಾಗದದ ಮೇಲೆ ಏನೋ ಗೀಚಿ ಸಹಿ ಮಾಡಿ ಹೋದ.

ಅವನ ಮೇಲೆ ಹೇಸಿಗೆ ಬಂತು ಎಂದು ಬರೆದು ಮುಗಿಸಿದರೆ ಓದುವವರಿಗೆ ಸಮಾಧಾನ. ಆದರೆ ಅವನು ಮಾಡಿದ್ದೇನು? ಮೂಗು ಮುಚ್ಚಿಕೊಂಡ, ತನಗೆ ಬೇಕಾದಷ್ಟೇ ನೋಡಿದ. ಎರಡು ವರ್ಷ ನಾನು ಮಾಡಿದ್ದೂ ಅದನ್ನೇ. ಅವನಿಗೆ ಅದಕ್ಕೆ ಸಂಬಳ ಕೊಡುತ್ತಾರೆ, ಅಷ್ಟೇ ಫರಕು.

"ನನ್ನ ತಪ್ಪಕ್ಕಾ," ಅಂದೆ.

"ನಿಂದೊಂದ ಏನು, ಬಂಡಿ ಹೊಚ್ಚಿದಾಕಿ ನಾ. ಮಾತು ಸಾಕು. ಚಪ್ಪಲ್ ಬಿಚ್ಚು, ಕ್ಯಾಮೆರಾ ಆ ಗೂಟಕ್ಕ ಹಾಕು. ಮುಂಜಾನಿಂದ ನೀರು ತುಂಬೈತಿ."

ಒಳಗೆ ಕಣಕಾಲು ಮುಳುಗುವಷ್ಟು ಕಪ್ಪು ನೀರು. ಅದರಲ್ಲಿ ರೊಟ್ಟಿಯ ಹಿಟ್ಟು ನಾದುವ ಮರದ ಕೊಣಮಿಗೆ ತೇಲುತ್ತಿತ್ತು. ಅವಳು ತಗಡಿನಿಂದ ನೀರು ಗೋರುತ್ತಿದ್ದಳು, ನಾನು ಬಕೆಟ್ಟಿನಲ್ಲಿ ಹೊತ್ತು ರಸ್ತೆಗೆ ಚೆಲ್ಲುತ್ತಿದ್ದೆ. ಎರಡು ಸಲ ಓಕರಿಕೆ ಬಂತು. ಮೂರನೇ ಸಲ ವಾಂತಿಯೇ ಆಯಿತು. ಅದನ್ನೂ ಅದೇ ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದೆ. ರಸ್ತೆ ಎತ್ತರ, ಮನೆ ತಗ್ಗು. ಚೆಲ್ಲಿದ ನೀರು ಹೊಸ್ತಿಲು ದಾಟಿ ಮೆಲ್ಲಗೆ ಒಳಗೇ ಬರುತ್ತಿತ್ತು.