ಚನ್ನಯ್ಯ ಕೊಟ್ಟ ಅಂಕ

ಗುಡ್ನಾಪುರದ ದ್ಯಾಮಪ್ಪ ಧಾರವಾಡದಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿಕೊಂಡು ಬಂದದ್ದು ೧೯೬೦ರಲ್ಲಿ. ಒಳ್ಳೆಯ ದರ್ಜೆಯಲ್ಲೇ ಪಾಸಾಗಿದ್ದ. ಅವನ ಅಪ್ಪ ಬಸಪ್ಪ ಕೆರೆಯ ತೂಬಿನ ಕೆಳಗೆ ಒಂದಿಷ್ಟು ಗದ್ದೆ, ದಿಬ್ಬದ ಮೇಲೆ ಒಂದಿಷ್ಟು ಹೊಲ ಇಟ್ಟುಕೊಂಡಿದ್ದ ರೈತ. ಮಗ ಬರೆಯಬೇಕೆಂದಿರುವುದು ಐ.ಎ.ಎಸ್. ಪರೀಕ್ಷೆ, ಪಾಸಾದರೆ ಕಲೆಕ್ಟರ್ ಆಗುತ್ತಾನೆ ಎಂದು ಯಾರೋ ಬಿಡಿಸಿ ಹೇಳಿದ ಮೇಲೆ ಬಸಪ್ಪ ಬನವಾಸಿ ಸಂತೆಯಲ್ಲಿ ಸಿಕ್ಕಿದವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದ. ಆದರೆ ಆ ಪರೀಕ್ಷೆ ಹೇಗಿರುತ್ತದೆ ಎಂದು ಕಣ್ಣಾರೆ ಕಂಡವನು ಆ ಸೀಮೆಗೆಲ್ಲ ಒಬ್ಬನೇ ಇದ್ದ. ಅವನು ಶಿರಸಿಯ ಚನ್ನಯ್ಯ.

ಚನ್ನಯ್ಯ ಮುಂಬಯಿಯಲ್ಲಿ ಎಂ.ಎ. ಮಾಡಿದವನು. ಈ ಕಡೆಯೆಲ್ಲ ಇನ್ನೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಎರಡು ಸಲ ಆ ಪರೀಕ್ಷೆ ಬರೆದಿದ್ದ. ಎರಡು ಸಲವೂ ಸಂದರ್ಶನಕ್ಕೆಂದು ದಿಲ್ಲಿಗೆ ಹೋಗಿ, ಎರಡು ಸಲವೂ ಹಾಗೇ ಹಿಂದಿರುಗಿದ್ದ. ಆಮೇಲೆ ವಯಸ್ಸು ಮೀರಿತು. ಅಣ್ಣನ ಬಟ್ಟೆ ಅಂಗಡಿಯ ಅಟ್ಟದ ಕೋಣೆಯಲ್ಲಿ ಇಂಗ್ಲಿಷ್ ಪುಸ್ತಕಗಳ ನಡುವೆ ಒಬ್ಬನೇ ಇರುತ್ತಿದ್ದ. ಬೇಸಿಗೆಯಲ್ಲೂ ಕೋಟು ಬಿಚ್ಚುತ್ತಿರಲಿಲ್ಲ. ಓದುವ ಹುಡುಗರು ಬಂದರೆ ಪುಕ್ಕಟೆಯಾಗಿ ಪರೀಕ್ಷೆಯ ರೂಢಿ ಮಾಡಿಸುತ್ತಿದ್ದ. ಹಾಗಾಗಿ ಊರು ಅವನನ್ನು ಬಹಳ ಗೌರವದಿಂದ ನೋಡುತ್ತಿತ್ತು.

ದ್ಯಾಮಪ್ಪ ಶಿರಸಿಯ ಒಂದು ಖಾಸಗಿ ಶಾಲೆಯಲ್ಲಿ ಬದಲಿ ಮಾಸ್ತರಿಕೆ ಹಿಡಿದು, ದೇವಿಕೆರೆಯ ಹತ್ತಿರ ಕೋಣೆ ಮಾಡಿಕೊಂಡ. ಪ್ರತಿ ರವಿವಾರ ಬೆಳಿಗ್ಗೆ ಅಟ್ಟದ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಅವನ ಜೊತೆಗೆ ಬರೆಯುತ್ತಿದ್ದವನು ಚನ್ನಯ್ಯನ ಅಕ್ಕನ ಮಗ ಮಡಿವಾಳಯ್ಯ. ನಗುಮುಖದ ಹುಡುಗ, ಓದಿನಲ್ಲಿ ಸ್ವಲ್ಪ ಮಂದ. ಚನ್ನಯ್ಯ ತಾನೇ ಸಿದ್ಧ ಮಾಡಿದ ಪ್ರಶ್ನೆಗಳನ್ನು ಇಬ್ಬರಿಗೂ ಕೊಟ್ಟು, ಮೇಜಿನ ಮೇಲೆ ಅಲಾರಂ ಗಡಿಯಾರ ಇಟ್ಟು ಕೂರುತ್ತಿದ್ದ. ಹಿಂದುಳಿದ ದೇಶದಲ್ಲಿ ಸರಕಾರ ಬರಿಯ ನೋಟು ಅಚ್ಚು ಹಾಕಿ ಯೋಜನೆ ನಡೆಸಿದರೆ ಬೆಲೆಗಳು ಏನಾಗುತ್ತವೆ? ಗೇಣಿ ಎಂಬುದು ಯಾಕೆ ಹುಟ್ಟುತ್ತದೆ? ಇಂಥ ಪ್ರಶ್ನೆಗಳು. ಮೂರು ತಾಸು ಯಾರೂ ತಲೆ ಎತ್ತುವ ಹಾಗಿಲ್ಲ. ಬರೆದ ಹಾಳೆಗಳನ್ನು ಚನ್ನಯ್ಯ ತನ್ನಲ್ಲೇ ಇಟ್ಟುಕೊಳ್ಳುತ್ತಿದ್ದ. ಮುಂದಿನ ರವಿವಾರ ಅಂಕ ಹೇಳುತ್ತಿದ್ದ.

ಮೊದಲ ಪೇಪರಿಗೆ ದ್ಯಾಮಪ್ಪನಿಗೆ ನೂರಕ್ಕೆ ಮೂವತ್ತೊಂದು. ಮಡಿವಾಳಯ್ಯನಿಗೆ ಐವತ್ತೆಂಟು.

ಅಂಕಕ್ಕಿಂತ ಅದನ್ನು ಹೇಳುವ ರೀತಿ ಕೆಟ್ಟದಾಗಿತ್ತು. ಗೇಣಿಯ ಪ್ರಶ್ನೆಗೆ ದ್ಯಾಮಪ್ಪ ತಮ್ಮ ಊರನ್ನೇ ಉದಾಹರಣೆ ಕೊಟ್ಟು ಬರೆದಿದ್ದ. ತೂಬಿನ ಕೆಳಗಿನ ಗದ್ದೆ ಒಂದೇ ಆಳಿನ ದುಡಿಮೆಗೆ ಎಷ್ಟು ಬತ್ತ ಕೊಡುತ್ತದೆ, ದಿಬ್ಬದ ಹೊಲ ಎಷ್ಟು ಕೊಡುತ್ತದೆ, ಆ ಎರಡರ ನಡುವಿನ ಅಂತರವೇ ಹೇಗೆ ಗೇಣಿಯಾಗಿ ಒಡೆಯನ ಮನೆ ಸೇರುತ್ತದೆ ಎಂದು. ಚನ್ನಯ್ಯ ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದಿದ. ಕೆಳಗಿನ ಅಂಗಡಿಯಲ್ಲಿ ಸೀರೆ ನೋಡುತ್ತಿದ್ದವರಿಗೂ ಕೇಳುವಷ್ಟು.

"ನಿಮ್ಮಪ್ಪನ ಗದ್ದಿ ಕಟ್ಟಿಕೊಂಡು ದಿಲ್ಲಿಯವ್ರು ಏನ್ ಮಾಡ್ಬೇಕೋ ದ್ಯಾಮಪ್ಪಾ? ಅವರಿಗೆ ಸಿದ್ಧಾಂತ ಬೇಕು. ಸಗಣಿ ವಾಸನಿ ಅಲ್ಲ."

ಮಡಿವಾಳಯ್ಯ ನಕ್ಕ. ದ್ಯಾಮಪ್ಪನೂ ನಗುವ ಹಾಗೆ ಮುಖ ಮಾಡಿದ. ಆ ವಾರವೆಲ್ಲ ಹಳ್ಳಿಯ ಮಾತು ಒಂದೂ ಬರದ ಹಾಗೆ ಬರೆಯುವುದನ್ನು ಕಲಿತ. ಮುಂದಿನ ಪೇಪರಿಗೆ ಇಪ್ಪತ್ತೊಂಬತ್ತು ಬಂತು. "ಈಗ ಇದು ಪುಸ್ತಕದ ನಕಲು. ನಿನ್ನ ಸ್ವಂತದ್ದು ಅಂತ ತಲ್ಯಾಗ ಏನಾರ ಐತೇನು?" ಎಂದು ಚನ್ನಯ್ಯ ಕೇಳಿದ. ಬಲಕ್ಕೆ ಹೋದರೆ ಎಡಕ್ಕೆ, ಎಡಕ್ಕೆ ಹೋದರೆ ಬಲಕ್ಕೆ. ಹೀಗೆ ಎರಡು ವರ್ಷ ನಡೆಯಿತು. ಒಂದು ಸಲ ಮಾತ್ರ ಮೂವತ್ತೆಂಟರ ತನಕ ಹೋಗಿತ್ತು. ಆ ದಿನ ದ್ಯಾಮಪ್ಪ ಬಿಡಕಿ ಬಯಲಿನ ಅಂಗಡಿಯಲ್ಲಿ ಪೇಢೆ ಕೊಂಡು ಚನ್ನಯ್ಯನಿಗೆ ಒಯ್ದುಕೊಟ್ಟ. ಚನ್ನಯ್ಯ ತಿಂದ.

ಆಗಿನ ನಿಯಮದಂತೆ ಇಪ್ಪತ್ನಾಲ್ಕು ತುಂಬಿದರೆ ಆ ಪರೀಕ್ಷೆಯ ಬಾಗಿಲು ಮುಚ್ಚುತ್ತಿತ್ತು. ೧೯೬೨ ದ್ಯಾಮಪ್ಪನಿಗೆ ಕಡೆಯ ವರ್ಷ. ಅರ್ಜಿ ಕಳಿಸುವ ಕಾಲ ಬಂದಾಗ ಅವನು ಕೇಳಿಯೇ ಮುಂದುವರಿಯೋಣವೆಂದು ಅಟ್ಟ ಹತ್ತಿದ.

"ಹಾಕ್ಲೇನ್ರಿ ಸರ?"

ಚನ್ನಯ್ಯ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿದ. "ನಾ ನಿನಗ ಸುಳ್ಳ ಹೇಳಂಗಿಲ್ಲ. ನಿಮ್ಮಪ್ಪ ಸಂತ್ಯಾಗ ಊರಿಗೆಲ್ಲ ಸಾರಿಕೊಂಡು ಬಂದಾನ. ನೀ ಫೇಲ್ ಆಗಿ ಬಂದ್ರ ಆ ಮುದುಕ ಹ್ಯಾಂಗ ಮಾರಿ ತೋರಸ್ತಾನ? ಪರೀಕ್ಷಾಕ್ಕ ಕುಂದ್ರಲೇ ಇಲ್ಲ ಅಂದ್ರ ಯಾರೂ ಫೇಲ್ ಅನ್ನಂಗಿಲ್ಲ. ವಿಚಾರ ಮಾಡು."

ದ್ಯಾಮಪ್ಪ ವಿಚಾರ ಮಾಡಿದ. ಅರ್ಜಿ ಕಳಿಸಲಿಲ್ಲ. ತನ್ನ ಕಣ್ಣಿನ ತೊಂದರೆಯಿಂದ ಬರೆಯಲಾಗುವುದಿಲ್ಲ ಎಂದು ಅಪ್ಪನಿಗೆ ಹೇಳಿದ. ಬಸಪ್ಪ ಅದನ್ನು ನಂಬಿ, ಮಗ ಊರಿಗೆ ಬಂದಾಗಲೆಲ್ಲ ಅವನ ಕಣ್ಣಿಗೆಂದು ಹೊನಗೊನ್ನೆ ಸೊಪ್ಪು ಬೇಯಿಸಿ ಹಾಕಿಸಿದ. ಮಡಿವಾಳಯ್ಯ ಹೋಗಿ ಬರೆದ. ಐ.ಎ.ಎಸ್. ಸಿಗದಿದ್ದರೂ ಆದಾಯ ತೆರಿಗೆ ಇಲಾಖೆಯ ದೊಡ್ಡ ಹುದ್ದೆ ಸಿಕ್ಕಿತು.

ಮುಂದಿನ ವರ್ಷ ದ್ಯಾಮಪ್ಪ ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಕಾಯಂ ಮಾಸ್ತರನಾದ. ತನ್ನನ್ನು ನಗೆಪಾಟಲಿನಿಂದ ಉಳಿಸಿದವನೆಂದು ಚನ್ನಯ್ಯನ ಮೇಲೆ ಅವನಿಗೆ ಭಕ್ತಿಯೇ ಹುಟ್ಟಿತ್ತು. ಆಲೆಮನೆಯ ಕಾಲದಲ್ಲಿ ಊರಿನಿಂದ ಜೋನಿಬೆಲ್ಲ ತಂದು ಒಪ್ಪಿಸುತ್ತಿದ್ದ. ತರಗತಿಯಲ್ಲೂ ಅದೇ ದಾರಿ ಹಿಡಿದ. ಎಂಥ ಉತ್ತರಕ್ಕೂ ಮೊದಲು ಮನಸ್ಸಿಗೆ ಬಂದ ಅಂಕದಲ್ಲಿ ಅರ್ಧ ಕಡಿದು ಹಾಕುವುದು, ತಪ್ಪು ಮಾಡಿದವರದನ್ನು ಎದ್ದು ನಿಂತು ಗಟ್ಟಿಯಾಗಿ ಓದುವುದು. ಮಕ್ಕಳು ಅಳುತ್ತಿದ್ದರು. ದ್ಯಾಮಪ್ಪ ಮಾಸ್ತರು ಬಹಳ ಕಟ್ಟುನಿಟ್ಟು ಎಂದು ಪಾಲಕರು ಮೆಚ್ಚುತ್ತಿದ್ದರು.

ಅವನ ತಂಗಿ ನೀಲಾ ಬನವಾಸಿಯಲ್ಲಿ ಮ್ಯಾಟ್ರಿಕ್ ಪಾಸು ಮಾಡಿದಳು. ಶಿರಸಿಯಲ್ಲಿ ಕಾಲೇಜು ಆಗಿತ್ತು. ಅಲ್ಲಿ ಸೇರಿ ಅಣ್ಣನ ಹಾಗೆ ಅರ್ಥಶಾಸ್ತ್ರ ಓದಬೇಕು, ಮುಂದೆ ಸರಕಾರದ ಪರೀಕ್ಷೆ ಬರೆಯಬೇಕು ಎಂದು ಹಠ ಹಿಡಿದಳು. ಅಣ್ಣ ಬಿಟ್ಟುಹೋಗಿದ್ದ ಪುಸ್ತಕಗಳನ್ನು ಒಬ್ಬಳೇ ಓದಿಕೊಂಡಿದ್ದಳು. ಬಸಪ್ಪ ನಿರ್ಧಾರವನ್ನು ಮಗನಿಗೆ ಬಿಟ್ಟ. ದ್ಯಾಮಪ್ಪ ರಜೆಯಲ್ಲಿ ಬಂದು, ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ಕೂರಿಸಿ, ಐದು ಪ್ರಶ್ನೆ ಕೊಟ್ಟು ಬರೆಸಿದ. ಓದುತ್ತಿದ್ದಂತೆ ಅವನ ಮನಸ್ಸಿಗೆ ಬಂದದ್ದು ಐವತ್ತೈದು. ಹುಡುಗಿ ಕನಸು ಕಟ್ಟಿಕೊಂಡು ನಾಳೆ ಬಿದ್ದರೆ ಏನು ಗತಿ ಎಂದುಕೊಂಡು ಇಪ್ಪತ್ತೆಂಟು ಹಾಕಿದ. ಅಪ್ಪ ಅವ್ವನ ಎದುರಿಗೇ ಹೇಳಿದ.

"ಇದು ನಿನ್ನ ಕೈಲಿ ಆಗೂದಲ್ಲ ನೀಲಾ. ಈಗ್ಲೇ ತಿಳಕೊಂಡ್ರ ಚಲೋ."

ನೀಲಾ ಹಾಳೆ ಇಸಿದುಕೊಂಡು ನೋಡಿದಳು. ಮಡಚಿ ಪುಸ್ತಕದೊಳಗೆ ಇಟ್ಟಳು. ಅದೇ ವರ್ಷ ಅವಳನ್ನು ಯಲ್ಲಾಪುರದ ಅಕ್ಕಿ ಗಿರಣಿಯವರ ಮನೆಗೆ ಮದುವೆ ಮಾಡಿಕೊಟ್ಟರು. ಗಂಡ ಅವಳಿಗಿಂತ ಬಹಳ ದೊಡ್ಡವನು, ಮೊದಲ ಹೆಂಡತಿ ತೀರಿಕೊಂಡಿದ್ದಳು.

೧೯೬೭ರಲ್ಲಿ ಮಡಿವಾಳಯ್ಯ ಜೀಪಿನಲ್ಲಿ ಶಿರಸಿಗೆ ಬಂದ. ಅವನನ್ನೂ ಅವನ ಗುರು ಚನ್ನಯ್ಯನನ್ನೂ ಕೂರಿಸಿ ಊರವರು ಸನ್ಮಾನ ಇಟ್ಟುಕೊಂಡರು. ಜೊತೆಗೆ ಓದಿದವನೆಂದು ದ್ಯಾಮಪ್ಪನಿಗೂ ಎರಡು ಮಾತಾಡಲು ಕರೆ ಬಂತು. ಅವನು ವೇದಿಕೆ ಹತ್ತಿ ಹೇಳಿದ: "ಗೆದ್ದವರಿಗಷ್ಟೇ ಅಲ್ಲ, ನನ್ನಂಥ ಅರ್ಹತೆ ಇಲ್ಲದವನಿಗೂ ಗುರುಗಳು ಸತ್ಯ ಹೇಳಿದರು. ಆ ಉಪಕಾರ ನಾನು ಮರೆಯುವುದಿಲ್ಲ." ಜನ ಚಪ್ಪಾಳೆ ತಟ್ಟಿದರು.

ಸಭೆ ಮುಗಿದ ಮೇಲೆ ಚನ್ನಯ್ಯ ಅವನನ್ನು ಅಟ್ಟಕ್ಕೆ ಕರೆದುಕೊಂಡು ಹೋದ. ಬಹಳ ಖುಷಿಯಲ್ಲಿದ್ದ. ಕೊರಳಿನ ಹಾರಗಳನ್ನು ಒಂದೊಂದಾಗಿ ತೆಗೆದು ಗೂಟಕ್ಕೆ ಹಾಕುತ್ತ ನಗಲು ಶುರು ಮಾಡಿದ.

"ಅಲ್ಲೋ, ನೀ ಖರೇನ ನಂಬಿದ್ದ್ಯಾ?"

"ಏನ್ರಿ ಸರ?"

"ಆ ಮೂವತ್ತು, ಮೂವತ್ತೊಂದು. ನಾ ನೋಡಿದ ಹುಡುಗರೊಳಗ ನಿನ್ನಂಥ ಪೇಪರ್ ಬರದಾವ ಇನ್ನೊಬ್ಬ ಇಲ್ಲ. ನಾನೂ ಅಂಥಾದ್ದು ಬರದಿದ್ದಿಲ್ಲ. ನೀ ಬರದದ್ದನ್ನ ಎಲ್ಲಾ ಮಡಿವಾಳಗ ಕೊಟ್ಟು ಬಾಯಿಪಾಠ ಮಾಡ್ಸಿದ್ದೆ. ಆ ಗದ್ದಿದು, ತೂಬಿಂದು, ಅದನ್ನ ಅವ ಅಲ್ಲಿ ಹಂಗ ಇಳಿಸಿ ಬಂದಾನ. ಕೇಳಿನೋಡು ಬೇಕಾದ್ರ."

ದ್ಯಾಮಪ್ಪನಿಗೆ ಒಂದು ಕ್ಷಣ ಮಾತು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೇಳಿದ: "ಯಾಕ್ರಿ?"

ಚನ್ನಯ್ಯನ ನಗು ನಿಂತಿತು. "ನಾ ಎರಡು ಸಲ ಆ ಬಾಗಲಾ ಬಡದು ಬಂದಾವ. ನಾ ಕೂಡಬೇಕಾದ ಕುರ್ಚಿಮ್ಯಾಲ ಗುಡ್ನಾಪುರದ ಕೆರ್‍ಯಾಗ ಎಮ್ಮಿ ಮೈ ತೊಳ್ಯಾವ ಕೂಡೂದನ್ನ ನೋಡಕೋತ ಇರಬೇಕಿತ್ತೇನು? ಮಡಿವಾಳ ನಮ್ಮ ಮನಿ ಹುಡುಗ. ಅವಂದು ಬ್ಯಾರೆ." ಆಮೇಲೆ ಕಿಟಕಿಯ ಕಡೆ ತಿರುಗಿ, "ನಾ ಏನು ನಿನ್ನ ಕೈ ಹಿಡದಿದ್ನೇನು? ಅರ್ಜಿ ಹಾಕಬ್ಯಾಡ ಅಂದಿಲ್ಲ. ವಿಚಾರ ಮಾಡು ಅಂದೆ" ಎಂದ.

ದ್ಯಾಮಪ್ಪನಿಗೆ ಆ ಕೋಟಿನ ಕೊರಳಪಟ್ಟಿ ಹಿಡಿದು ಅವನನ್ನು ಮೆಟ್ಟಿಲಿನಿಂದ ಕೆಳಗೆ ತಳ್ಳಬೇಕೆನಿಸಿತು. ಆದರೆ ಹೊರಡುವಾಗ, ವರ್ಷಗಳ ರೂಢಿಯಂತೆ, ಅವನ ಕೈಗಳು ತಾವಾಗಿಯೇ ಕೂಡಿಕೊಂಡು ನಮಸ್ಕಾರ ಮಾಡಿದವು. ಅರ್ಧದಷ್ಟು ಮೆಟ್ಟಿಲು ಇಳಿದ ಮೇಲೆ ಅದು ಅವನ ಗಮನಕ್ಕೆ ಬಂತು. ಅಲ್ಲೇ ಗೋಡೆಗೆ ಹಣೆ ಒತ್ತಿ ನಿಂತ. ಕೆಳಗಿನಿಂದ ಹತ್ತಿ ಬಂದ ಅಂಗಡಿಯ ಆಳು "ಸ್ವಲ್ಪ ದಾರಿ ಬಿಡ್ರಿ" ಎಂದ. ಬಿಟ್ಟ.

ಮರುದಿನ ಸಿದ್ದಾಪುರಕ್ಕೆ ಹೋಗಬೇಕಾದವನು ಯಲ್ಲಾಪುರದ ಬಸ್ಸು ಹತ್ತಿದ. ನೀಲಾ ಗಿರಣಿಯ ಹಿಂದಿನ ಮನೆಯಲ್ಲಿ ನುಚ್ಚು ಕೇರುತ್ತಿದ್ದಳು. ಮೈಯೆಲ್ಲ ತೌಡಿನ ಧೂಳು. ಅಣ್ಣನಿಗೆ ನೀರು ಕೊಟ್ಟು, ಮಣೆ ಹಾಕಿ, ಮತ್ತೆ ಮೊರ ಎತ್ತಿಕೊಂಡಳು. ಗಿರಣಿಯ ಸದ್ದಿನಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ. ಆಮೇಲೆ ಹೇಳಲಾರದೆ ಹೇಳಿದ.

"ನಿನ್ನ ಪೇಪರಿಗೂ ನಾ ಕಡಿಮಿ ಹಾಕಿದ್ದೆ ನೀಲಾ. ಐವತ್ತೈದು ಬರಬೇಕಿತ್ತು."

"ಗೊತ್ತಿತ್ತು," ಎಂದಳು.

ಅವನು ತಲೆ ಎತ್ತಿದ.

"ಪುಸ್ತಕ ತಗದು ನೋಡಿದ್ದೆ. ತಪ್ಪಿದ್ದಿಲ್ಲ. ನಾ ಹೇಳಿದ್ರ ಯಾರು ಕೇಳ್ತಿದ್ರು? ನೀ ಬಿ.ಎ., ನೀ ಮಾಸ್ತರ." ಮೊರದಲ್ಲಿನ ಕಲ್ಲು ಆರಿಸಿ ಹೊರಗೆಸೆದಳು. "ನಿನಗ ಅವರು ಏನೋ ಹೇಳಿದ್ರು, ನೀ ನಂಬಿದಿ. ನಂಬಲೇಬೇಕಂತ ನಿನ್ನ ಯಾರೂ ಕಟ್ಟಿಹಾಕಿದ್ದಿಲ್ಲ. ಒಂದ ಅರ್ಜಿ ಒಗದಿದ್ರ ಸಾಕಿತ್ತು. ನಾ ನಂಬಲಿಲ್ಲ ಅಣ್ಣಾ. ಆದ್ರೂ ಇಲ್ಲಿ ಬಂದೆ."

"ತಪ್ಪಾತು ನೀಲಾ."

"ಆತು. ಉಂಡು ಹೋಗು. ಅವರ ಮುಂದ ಈ ಮಾತು ತಗೀಬ್ಯಾಡ. ಮೊದಲ ನನಗ ಓದಿದ ಸೊಕ್ಕು ಅಂತಾರ."

ಅವಳು ಬಡಿಸಿದ್ದನ್ನು ಉಂಡ. ಬಸ್ಸಿನ ತನಕ ಅವಳು ಕಳಿಸಲು ಬರಲಿಲ್ಲ.

ಅಲ್ಲಿಂದ ಮುಂದೆ ದ್ಯಾಮಪ್ಪ ತರಗತಿಯಲ್ಲಿ ಅರ್ಧ ಕಡಿಯುವುದನ್ನು ಬಿಟ್ಟ. ಸಿಗಬೇಕಾದಷ್ಟು ಕೊಟ್ಟ. ಮಾಸ್ತರು ಈಗ ಸಡಿಲಾಗಿದ್ದಾರೆ, ಓದಿಸುವುದರಲ್ಲಿ ಮನಸ್ಸಿಲ್ಲ ಎಂದು ಪಾಲಕರು ಗೊಣಗಿದರು.

ಮರುವರ್ಷ ತ್ಯಾಗಲಿಯ ಕೆರಿಯ ನಾಯ್ಕನೆಂಬ ರೈತ ಮಗನನ್ನು ಕರೆದುಕೊಂಡು ಅವನ ಮನೆಗೆ ಬಂದ. ಮಗ ಬೈರ ದ್ಯಾಮಪ್ಪನ ಕೈಯಲ್ಲೇ ಕಲಿತವನು, ಆ ಮನೆತನದಲ್ಲಿ ಬಿ.ಎ. ಆದ ಮೊದಲಿಗ. ಅವನಿಗೂ ಅದೇ ಪರೀಕ್ಷೆಯ ಆಸೆ, ಅದೇ ಅರ್ಥಶಾಸ್ತ್ರ. ದ್ಯಾಮಪ್ಪ ಎರಡು ದಿನ ಕೂತು ಒಂದು ಪೇಪರು ತಯಾರಿಸಿ ಬರೆಸಿದ. ಪ್ರತಿ ಸಾಲಿನ ಮೇಲೂ ಬೆರಳಿಟ್ಟು ಓದಿದ. ಅರವತ್ತೆರಡು ಕೊಟ್ಟು, ಎಲ್ಲೆಲ್ಲಿ ತಿದ್ದಬೇಕು ಎಂದು ತೋರಿಸಿದ.

"ನೀ ಬರಿ ಬೈರಾ. ನೀ ಪಾಸಾಗ್ತಿ. ಚನ್ನಯ್ಯನ ಹಂತ್ಯಾಕ ಮಾತ್ರ ಹೋಗಬ್ಯಾಡ" ಎಂದು, ತನಗಾದದ್ದನ್ನೆಲ್ಲ ಬಿಡಿಸಿ ಹೇಳಿದ.

ಕೆರಿಯ ನಾಯ್ಕ ಎಲ್ಲವನ್ನೂ ಕೇಳಿ, ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. "ಎಂತ ಮಾಸ್ತರೆ, ಹೋದ ವರ್ಷ ವೇದಿಕೆ ಮೇಲೆ ನೀವೇ ಅವರನ್ನ ದೇವರ ಹಂಗೆ ಹೊಗಳಿದ್ರಿ. ನಾನೇ ಕೂತು ಕೇಳಿದ್ದೆ. ಈಗ ಹಿಂಗೆ ಹೇಳ್ತ್ರಿ. ನಿಮ್ಗೆ ಆಗಲಿಲ್ಲ ಅಂತ ಹೊಟ್ಟೆಕಿಚ್ಚು ಇರ್ತದೆ, ಅದು ಸಹಜ. ನಮ್ಮ ಹುಡುಗನ ಹಾಳು ಮಾಡಬೇಡಿ."

ಬೈರ ತಂದೆಯ ಹಿಂದೆ ಹೋದ. ತಿಂಗಳ ಮೇಲೆ ಸಿದ್ದಾಪುರದ ಪೇಟೆಯಲ್ಲಿ ಅವನೇ ಎದುರಾಗಿ, ಕಾಲು ಮುಟ್ಟಿ ನಮಸ್ಕರಿಸಿದ. ಶಿರಸಿಯಲ್ಲಿ ಕೋಣೆ ಮಾಡಿದ್ದೇನೆ, ಪ್ರತಿ ರವಿವಾರ ಪೇಪರು ಬರೆಯುತ್ತೇನೆ ಎಂದ. ಮುಖ ಇಳಿದಿತ್ತು, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಆದರೂ ಮಾತಿನಲ್ಲಿ ಒಂದು ಹೆಮ್ಮೆ ಇತ್ತು.

"ನೀವು ಅರವತ್ತೆರಡು ಕೊಟ್ಟಿದ್ರಿ ಸರ್. ಅವರು ಮೂವತ್ಮೂರು ಕೊಟ್ರು. ಅವರ ಲೆಕ್ಕವೇ ಬೇರೆ. ಅಷ್ಟು ದೊಡ್ಡವರು ಅವರು."

"ಆ ಹಾಳಿ ನಿನಗ ತಿರುಗಿ ಕೊಟ್ರೇನು?" ದ್ಯಾಮಪ್ಪ ಕೇಳಿದ.

"ಇಲ್ಲ ಸರ್. ಅವರೇ ಇಟ್ಕೊಳ್ತಾರೆ."

ದ್ಯಾಮಪ್ಪ ಅವನ ತೋಳು ಹಿಡಿದು ಏನೋ ಹೇಳಲು ಹೋದ. ಬೈರ ಮೆಲ್ಲಗೆ, ಗೌರವದಿಂದಲೇ, ತೋಳು ಬಿಡಿಸಿಕೊಂಡ. ಶಿರಸಿಯ ಬಸ್ಸು ಹೊರಡುವುದರಲ್ಲಿತ್ತು. ಓಡಿ ಹೋಗಿ ಹತ್ತಿದ.